ಟ್ರಂಕಿನ ಶೌಕತ ಕಲಿತ ಆಟ

ಜತ್ತದ ಪೇಟೆಯಲ್ಲಿ ಶೌಕತನ ಅಂಗಡಿ ಎಲ್ಲಿದೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಬಸ್ಸಿನಿಂದ ಇಳಿದು ನಾಲ್ಕು ಹೆಜ್ಜೆ ಬರುವಷ್ಟರಲ್ಲಿ ತಗಡಿನ ಮೇಲೆ ಸುತ್ತಿಗೆ ಬೀಳುವ ಸದ್ದು ಕೇಳುತ್ತಿತ್ತು. ಆ ಸದ್ದಿನ ಜಾಡು ಹಿಡಿದು ಬಂದರೆ ಸಾಕು. ಮದುವೆಗೆ ಟ್ರಂಕು ಬೇಕಾದವರು ತಿಕೋಂಡಿ, ಕುಣಿಕೋಣೂರ, ಬೆಳುಂಕಿಯಿಂದ ಅವನಲ್ಲಿಗೇ ಬರುತ್ತಿದ್ದರು. ಹಸಿರು ಬಣ್ಣ ಬಳಿದು, ಮುಚ್ಚಳದ ಮೇಲೆ ಗುಲಾಬಿ ಬರೆದು, ಮೂಲೆಗಳಿಗೆ ಹಿತ್ತಾಳೆ ಬಡಿದು ಕೊಡುತ್ತಿದ್ದ. ದಿನವಿಡೀ ಸದ್ದಿನಲ್ಲಿ ಕೂತವನಿಗೆ ಮಾತು ಕಡಿಮೆ. ಆಡುವುದಿದ್ದರೂ ಕೂಗಿ ಆಡುತ್ತಿದ್ದ. ಹೀಗಾಗಿ ಹೊಸಬರಿಗೆ ಅವನು ಸಿಟ್ಟಿನವನಂತೆ ಕಾಣುತ್ತಿದ್ದ. ಸಿಟ್ಟಿನವನಲ್ಲ.

ಅಂಗಡಿಯ ಹಿಂದೆಯೇ ಮನೆ. ಹೆಂಡತಿ ಅಮೀನಾಬಿ, ಮೊದಲ ಮಗಳು ಶಾಹೀನ, ಅವಳ ಹಿಂದೆ ಸೈಫ, ಕೊನೆಯವನು ಮೊಸಿನ. ಸೈಫ ಶಾಲೆಗೆ ಹೋಗತೊಡಗಿದ ವರ್ಷ ದಾರಿಯಲ್ಲಿ ಸುಮ್ಮಸುಮ್ಮನೆ ಬೀಳತೊಡಗಿದ. ಎಡವಲು ಕಲ್ಲೂ ಇರುತ್ತಿರಲಿಲ್ಲ. ಕಾಲಿನ ಮೀನಖಂಡ ಮಾತ್ರ ಪೈಲವಾನನದ್ದರಂತೆ ಉಬ್ಬಿಕೊಂಡಿತ್ತು. ಅದನ್ನು ನೋಡಿ ಮನೆಗೆ ಬಂದವರು ಹುಡುಗ ಗಟ್ಟಿ ಇದ್ದಾನೆ ಅನ್ನುತ್ತಿದ್ದರು. ನೆಲದಿಂದ ಏಳುವಾಗ ಮೊದಲು ಎರಡೂ ಕೈ ನೆಲಕ್ಕೆ ಊರಿ, ಆಮೇಲೆ ಮೊಣಕಾಲಿಗೆ, ಆಮೇಲೆ ತೊಡೆಗೆ ಊರಿ, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತಿದಂತೆ ಏಳುತ್ತಿದ್ದ. ತಾಯಿತ ಕಟ್ಟಿಸಿದರು, ಎಣ್ಣೆ ತಿಕ್ಕಿಸಿದರು. ಕೊನೆಗೆ ಶೌಕತ ಅವನನ್ನು ಮಿರಜಿನ ಆಸ್ಪತ್ರೆಗೆ ಕರೆದೊಯ್ದ. ಅಮೀನಾಬಿಯೂ ಮೊಸಿನನನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಟಳು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಶೌಕತನೊಬ್ಬನನ್ನೇ ಒಳಗೆ ಕರೆದರು. ಅಮೀನಾಬಿ ಹೊರಗೆ ಬೆಂಚಿನ ಮೇಲೆ ಅಳುವ ಮೊಸಿನನನ್ನು ಸಮಾಧಾನ ಮಾಡುತ್ತ ಕೂತಿದ್ದಳು. ಡಾಕ್ಟರು ಮರಾಠಿಯಲ್ಲಿ ನಿಧಾನವಾಗಿ ತಿಳಿಸಿ ಹೇಳಿದರು. ಇದು ಸ್ನಾಯು ಸವೆಯುವ ರೋಗ, ಔಷಧವಿಲ್ಲ. ಇನ್ನು ಕೆಲವು ವರ್ಷಕ್ಕೆ ಕಾಲು ಹೋಗುತ್ತದೆ, ಆಮೇಲೆ ಕೈ, ಆಮೇಲೆ ಎದೆ. ಇದು ತಾಯಿಯಿಂದ ಗಂಡುಮಕ್ಕಳಿಗೆ ಬರುವಂಥದ್ದು. ತಾಯಿಗೆ ಏನೂ ಆಗಿರುವುದಿಲ್ಲ, ಅವಳಿಗೆ ಗೊತ್ತೂ ಇರುವುದಿಲ್ಲ, ಅವಳ ತಪ್ಪೂ ಅಲ್ಲ. ಚಿಕ್ಕವನ ಕಾಲು ನೋಡಿದರೆ ಅವನಿಗೂ ಇದೆ ಅನಿಸುತ್ತದೆ. ಮಗಳೊಬ್ಬಳು ಇದ್ದಾಳಲ್ಲ, ಅವಳು ಬೀಳುವುದಿಲ್ಲ, ಆದರೆ ನಾಳೆ ಅವಳ ಗಂಡುಮಕ್ಕಳಿಗೆ ಬರಬಹುದು. ಮದುವೆಗೆ ಮುಂಚೆ ಒಮ್ಮೆ ಕರೆತನ್ನಿ.

ಶೌಕತ ಎಲ್ಲವನ್ನೂ ಕೇಳಿಸಿಕೊಂಡ. ಹೊರಗೆ ಬಂದಾಗ ಅಮೀನಾಬಿ ಎದ್ದು ನಿಂತಳು. “ಏನಂದ್ರು?” ಎಂದಳು. “ನಡಿ, ಬಸ್ಸಿಗೆ ಹೊತ್ತಾಗ್ತದ” ಎಂದ.

ಮನೆಯಲ್ಲಿ ಶೌಕತನ ತಾಯಿ ಕಾಯುತ್ತಿದ್ದಳು. ಆಕೆ ಸೊಸೆಯ ಮೇಲೆ ಮೊದಲಿನಿಂದಲೂ ಹಲ್ಲು ಮಸೆಯುತ್ತಿದ್ದವಳು.

“ಈಕಿ ಹೊಟ್ಟ್ಯಾಗ ಹುಟ್ಟಿದ ಗಂಡು ನೆಟ್ಟಗ ನಡ್ಯಂಗಿಲ್ಲ. ನಾ ಒಂದ ಕಡೆ ಮಾತಾಡಿಟ್ಟೀನಿ. ಇನ್ನೊಂದ ನಿಕಾ ಮಾಡ್ಕೋ. ಈಕಿನ್ನ ತವರಿಗಿ ಕಳಸು” ಎಂದಳು. ಅಮೀನಾಬಿ ಬಾಗಿಲಲ್ಲೇ ನಿಂತಿದ್ದಳು. ಅವಳಿಗೆ ಕೇಳಲೆಂದೇ ಆಡಿದ ಮಾತು ಅದು.

ಶೌಕತ ಅಂಗಡಿಯಲ್ಲಿ ಕೂಗುವಂತೆ ಕೂಗಿ ಹೇಳಿದ: “ಡಾಕ್ಟರ ಹೇಳ್ಯಾರ ಅಮ್ಮಾ, ದೋಷ ನನ್ನ ರಕ್ತದಾಗ ಅದ. ಎಷ್ಟ ನಿಕಾ ಆದ್ರೂ ಹುಟ್ಟೋವು ಹಿಂಗ ಹುಟ್ತಾವ.”

ಅಂದಿನಿಂದ ಮುದುಕಿ ಸುಮ್ಮನಾದಳು. ಮಗನ ರಕ್ತವೆಂದರೆ ತನ್ನ ರಕ್ತವೂ ಆಗುತ್ತದಲ್ಲ. ಅಮೀನಾಬಿಯೂ ಆ ಮಾತನ್ನು ನಂಬಿದಳು. ಮುಂದೆ ಮೊಸಿನನೂ ಅಣ್ಣನ ಹಾಗೆಯೇ ಬೀಳತೊಡಗಿದಾಗ, ಇಬ್ಬರನ್ನೂ ಎತ್ತಿ ಎತ್ತಿ ಸೊಂಟ ಸೋತಾಗ, ಸಿಟ್ಟಿನ ಭರದಲ್ಲಿ “ನಿಮ್ಮ ರಕ್ತ ನನ್ನ ಮಕ್ಕಳನ್ನ ತಿಂತು” ಎಂದು ಗಂಡನಿಗೆ ಅಂದದ್ದೂ ಉಂಟು. ಶೌಕತ ತಲೆ ಎತ್ತದೆ ತಗಡು ಕತ್ತರಿಸುತ್ತಿದ್ದ.

ಶಾಹೀನ ದೊಡ್ಡವಳಾದಳು. ಬೆಳುಂಕಿಯಿಂದ ಸಂಬಂಧ ಬಂತು. ಹುಡುಗ ಲಾಲಸಾಬ, ಹೊಲಮನೆ ಇದ್ದವನು, ಸಭ್ಯ. ಅವನ ತಂದೆ ಚಹಾ ಕುಡಿಯುತ್ತ, ಒಳಗೆ ಕುರ್ಚಿಯಲ್ಲಿ ಕೂತಿದ್ದ ಹುಡುಗರ ಕಡೆ ನೋಡಿ ಕೇಳಿದರು: “ಹುಡುಗಿಗಿ ಏನೂ ಇಲ್ಲಲ್ರಿ?”

“ಇಲ್ರಿ. ಆಕಿ ಚಲೋ ಅದಾಳ. ಇದು ನನ್ನ ಕಡಿಂದ ಬಂದದ್ದು, ಗಂಡಮಕ್ಕಳಿಗಷ್ಟ” ಎಂದ ಶೌಕತ. ಆ ಹೊತ್ತಿಗೆ ಆ ಮಾತನ್ನು ಎಷ್ಟೋ ಸಲ ಆಡಿಯಾಗಿತ್ತು. ನಾಲಿಗೆ ತಡವರಿಸಲಿಲ್ಲ. ಮಗಳ ಟ್ರಂಕಿಗೆ ಮಾತ್ರ ಅವನು ಎಂದೂ ಬಳಿಯದ ನೀಲಿ ಬಣ್ಣ ಬಳಿದ.

ಕಂಪ್ಯೂಟರ್ ಬಂದದ್ದು ಅದಾದ ಕೆಲವು ವರ್ಷಕ್ಕೆ. ಊರಲ್ಲಿ ವಿಜಯಕುಮಾರ ಎಂಬವನು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ಅವನ ಕಪಾಟುಗಳನ್ನೆಲ್ಲ ಮಾಡಿಕೊಟ್ಟವನು ಶೌಕತ. ಕ್ಲಾಸಿಗೆ ಹೊಸ ಯಂತ್ರ ಬಂದಾಗ ಹಳೆಯದೊಂದನ್ನು ವಿಜಯಕುಮಾರ ತಾನೇ ರಿಕ್ಷಾದಲ್ಲಿ ಹಾಕಿಕೊಂಡು ಬಂದು ಹುಡುಗರ ಮುಂದೆ ಜೋಡಿಸಿದ. ಜೊತೆಗೆ ಒಂದು ಸೀಡಿಯಲ್ಲಿ ಹತ್ತಾರು ಆಟ. ಓಡುವ, ಗುಂಡು ಹಾರಿಸುವ ಆಟಗಳಿಗೆಲ್ಲ ಚುರುಕು ಬೆರಳು ಬೇಕು. ಅವು ಹುಡುಗರ ಕೈಗೆ ಬಗ್ಗಲಿಲ್ಲ. ಒಂದೇ ಒಂದು ಆಟ ಅವರಿಗೆ ಒಗ್ಗಿತು.

ಪರದೆಯ ತುಂಬ ಹಾವಿನಂತೆ ಹರಿದ ಒಂದು ದಾರಿ. ಒಂದು ತುದಿಯಿಂದ ಹುಳಗಳ ಸಾಲು ಹೊರಡುತ್ತದೆ, ಇನ್ನೊಂದು ತುದಿಯಲ್ಲಿ ಕೋಟೆಯ ಅಗಸೆ ಬಾಗಿಲು. ಹುಳ ಬಾಗಿಲು ಮುಟ್ಟದಂತೆ ದಾರಿಯ ಬದಿಗೆ ಬುರುಜು ಕಟ್ಟಬೇಕು. ಬಾಣದ ಬುರುಜು, ಬೆಂಕಿಯ ಬುರುಜು, ಹುಳದ ನಡಿಗೆ ನಿಧಾನ ಮಾಡುವ ಥಂಡಿ ಬುರುಜು. ಹುಡುಗರು ಇಟ್ಟ ಹೆಸರುಗಳಿವು, ಪರದೆಯ ಮೇಲೆ ಇಂಗ್ಲಿಷಿತ್ತು. ಬುರುಜಿನ ತಲೆಯ ಮೇಲೆ ಒಂದು ತಾರೆ. ಒಂದೇ ಬಣ್ಣದ, ಒಂದೇ ತಾರೆಯ ಎರಡು ಬುರುಜಿದ್ದರೆ ಒಂದನ್ನು ಹಿಡಿದು ಎಳೆದು ಇನ್ನೊಂದರ ಮೇಲೆ ಬಿಡಬೇಕು. ಆಗ ಎರಡೂ ಹೋಗಿ ಎರಡು ತಾರೆಯ ಬುರುಜೊಂದು ಏಳುತ್ತದೆ. ಅಂಥ ಎರಡು ಕೂಡಿದರೆ ಮೂರು ತಾರೆಯದು. ಆದರೆ ಎಳೆದು ತಂದ ಬುರುಜಿನ ಹಳೆಯ ಜಾಗ ಖಾಲಿ ಬೀಳುತ್ತದೆ. ಹೊಸದು ಪೂರಾ ಎದ್ದು ನಿಲ್ಲುವವರೆಗೆ ಬಾಣವನ್ನೂ ಬಿಡುವುದಿಲ್ಲ. ಅಷ್ಟರಲ್ಲಿ ಹುಳ ನುಸುಳಿ ಹೋಗಬಹುದು. ಕೂಡಿಸದೆ ಉಳಿದರೂ ಕೆಟ್ಟಿತು. ಮುಂದಿನ ಸಾಲುಗಳಲ್ಲಿ ಬರುವ ದಪ್ಪ ಹುಳಕ್ಕೆ ಸಣ್ಣ ಬುರುಜಿನ ಬಾಣ ನಾಟುವುದೇ ಇಲ್ಲ.

ಅಣ್ಣನಿಗಿಂತ ತಮ್ಮನ ಕೈ ಬೇಗ ಸೋತಿತ್ತು. ಹೀಗಾಗಿ ಮೌಸು ಸೈಫನದು, ಲೆಕ್ಕಾಚಾರ ಮೊಸಿನನದು. ಸೈಫನ ಮೊಣಕೈ ಊರಲು ಶೌಕತ ಒಂದು ತಗಡಿನ ತಟ್ಟೆ ಮಾಡಿ, ಅದರಡಿ ಸೈಕಲ್ಲಿನ ಬೇರಿಂಗ್ ಗುಂಡು ಹಾಕಿ, ಮುಟ್ಟಿದರೆ ಜಾರುವಂತೆ ಕೂರಿಸಿದ್ದ. ಕೂಡಿಸುವ ಹೊತ್ತು ಬಂದಾಗಲೆಲ್ಲ ಅಣ್ಣತಮ್ಮಂದಿರಿಗೆ ಜಗಳ.

“ಭೈಯ್ಯಾ, ಕೂಡಸು. ಲಗೂನ.”

“ತಡಿಯೋ. ಆ ಮೂಲಿ ಖಾಲಿ ಆಗ್ತದ.”

“ಖಾಲಿ ಆದ್ರ ಆಗ್ಲಿ. ದಪ್ಪಂದು ಬಂತಂದ್ರ ಈ ಎರಡೂ ಸೇರಿ ಏನ ಹರಕೋತಾವ?”

“ಎರಡ ಅದಾವಲ್ಲ, ಇರ್ಲಿ ಬಿಡು ಇಷ್ಟೊತ್ತು. ಒಂದ ಆದ್ ಮ್ಯಾಲ ಮತ್ತ ಎರಡ ಆಗಂಗಿಲ್ಲ.”

ಸೈಫನಿಗೆ ಕೂಡಿಸುವುದೆಂದರೆ ಅಂಜಿಕೆ. ದಾರಿಯುದ್ದಕ್ಕೂ ಸಣ್ಣ ಸಣ್ಣ ಬುರುಜು ತುಂಬಿಕೊಂಡಿದ್ದರೆ ಅವನಿಗೆ ಸಮಾಧಾನ. ಮೊಸಿನ ಆತುರಗಾರ. ಆಟ ನಡೆದಾಗ ಲೋಡ್ ಶೆಡ್ಡಿಂಗಿಗೆ ಕರೆಂಟು ಹೋದರೆ ಕಟ್ಟಿದ್ದೆಲ್ಲ ಅಳಿಸಿ ಹೋಗುತ್ತಿತ್ತು. ಅದಕ್ಕೇ ಅವನಿಗೆ ಎಲ್ಲದರಲ್ಲೂ ಅವಸರ. ಅವರ ಗದ್ದಲ ಅಂಗಡಿಗೆ ಕೇಳಿದರೆ ಶೌಕತ ಸುತ್ತಿಗೆ ಕೆಳಗಿಟ್ಟು ಒಂದು ಗಳಿಗೆ ಕೇಳಿಸಿಕೊಳ್ಳುತ್ತಿದ್ದ. ಆ ಮನೆಯಲ್ಲಿ ಜಗಳವಾದರೂ ಆಗುತ್ತಿದೆಯಲ್ಲ ಎಂದು ಅವನಿಗೆ ಹಿತ. ಒಂದು ಮಳೆಗಾಲ ಇಬ್ಬರೂ ಸೇರಿ ಕೊನೆಯ ಸಾಲನ್ನೂ ಹೊಡೆದರು. ಪರದೆಯ ಮೇಲೆ ಪಟಾಕಿ ಹಾರಿತು. ಅಮೀನಾಬಿ ಕೈಯಲ್ಲಿ ಹಿಟ್ಟು ಇದ್ದಂತೆಯೇ ನೋಡಲು ಬಂದಳು. ಅಷ್ಟರಲ್ಲಿ ಪಟಾಕಿ ನಿಂತು, ಬರಿದಾದ ದಾರಿ, ಮೊದಲನೆಯ ಹುಳ, ಆಟ ಮತ್ತೆ ಶುರುವಾಗಿತ್ತು.

ಮುಂದಿನ ಚಳಿಗಾಲ ಸೈಫನಿಗೆ ಕೆಮ್ಮು ಹಿಡಿಯಿತು. ಕೆಮ್ಮಲು ಬೇಕಾದ ಬಲ ಎದೆಯಲ್ಲಿ ಇರಲಿಲ್ಲ. ಗಂಟಲವರೆಗೆ ಬಂದ ಕಫ ಅಲ್ಲೇ ನಿಲ್ಲುತ್ತಿತ್ತು. ಅಮೀನಾಬಿ ಬೆನ್ನು ತಟ್ಟಿ ತಟ್ಟಿ ಹೊರಗೆ ತರುತ್ತಿದ್ದಳು. ಒಂದು ಮುಂಜಾನೆ ಅವಳು ಮುಖ ತೊಳೆಸಲು ಬಿಸಿನೀರು ತಂದಾಗ ಅವನು ಹೋಗಿಬಿಟ್ಟಿದ್ದ. ಬಾಜೂಕ್ಕೆ ಮಲಗಿದ್ದ ಮೊಸಿನನಿಗೆ ಹೊರಳಿ ಅತ್ತ ನೋಡಲು ಬರುತ್ತಿರಲಿಲ್ಲ. “ಅಮ್ಮಾ, ಭೈಯ್ಯಾನ ಉಸಿರು ಕೇಳವಲ್ದು” ಎಂದು ಗೋಡೆಗೆ ಮುಖ ಮಾಡಿಕೊಂಡೇ ಹೇಳಿದ.

ಕಂಪ್ಯೂಟರಿಗೆ ಅಮೀನಾಬಿ ತನ್ನ ಹಳೆಯ ಓಢಣಿ ಹೊದಿಸಿದಳು. ಅದು ಹಾಗೆಯೇ ಬಹಳ ದಿನ ಇತ್ತು. ಬೇಸಿಗೆ ಕಳೆದ ಮೇಲೆ ಒಂದು ಮಧ್ಯಾಹ್ನ ಶೌಕತ ಊಟಕ್ಕೆ ಬಂದಾಗ ಮೊಸಿನ ಹೇಳಿದ: “ಅಬ್ಬಾ, ಅದನ್ನ ಚಾಲೂ ಮಾಡು.”

“ಆಡಾವ್ರು ಯಾರು?”

“ನಾ ಹೇಳ್ತೀನಿ. ನೀ ಕೈ ಆಡಸು.”

ಶೌಕತನ ಬೆರಳುಗಳು ತಗಡಿನ ಅಂಚಿಗೆ ಸವೆದು ಮರದ ತುಂಡಿನಂತಾಗಿದ್ದವು. ಒಮ್ಮೆ ಒತ್ತಬೇಕಾದಲ್ಲಿ ಎರಡು ಸಲ ಒತ್ತಿದ. ಬುರುಜನ್ನು ಎಳೆಯುತ್ತ ನಡುವೆಯೇ ಬೆರಳು ಬಿಟ್ಟ, ಅದು ತಿರುಗಿ ತನ್ನ ಜಾಗಕ್ಕೆ ಹೋಯಿತು. ಬೆಂಕಿಯದನ್ನು ಥಂಡಿಯದರ ಮೇಲೆ ಒಯ್ದು ಬಿಟ್ಟು ಯಾಕೆ ಕೂಡಲಿಲ್ಲ ಎಂದು ಪರದೆಯತ್ತ ಬಾಗಿ ನೋಡಿದ.

“ಎರಡೂ ಒಂದ ಥರಾ ಇರಬೇಕು ಅಬ್ಬಾ. ತಾರಿ ಸುದ್ದಾ ಅಷ್ಟ ಇರಬೇಕು.”

“ಹಂಗ ಅದ ಏನು?”

“ಒತ್ತಿ ಹಿಡಿ, ಬಿಡಬ್ಯಾಡ. ಹಾಂ, ಈಗ ಬಿಡು.”

ಎರಡು ಹೋಗಿ ಒಂದಾಗಿ ಎರಡು ತಾರೆ ಹೊತ್ತು ಎದ್ದ ಬುರುಜನ್ನು ಶೌಕತ ಮೊದಲ ಸಲ ನೋಡಿದ. ಮಗನ ಮುಖ ನೋಡಿದ. ಮೊಸಿನ ಖಾಲಿ ಬಿದ್ದ ಜಾಗವನ್ನು ನೋಡುತ್ತಿದ್ದ. “ಭೈಯ್ಯಾ ಇದ್ದಿದ್ರ ಈಗ ಬೈತಿದ್ದ” ಎಂದ. ಆಮೇಲೆ ದಿನಾ ಊಟದ ನಂತರ ಅಂಗಡಿಯ ಸುತ್ತಿಗೆ ಸುಮ್ಮನಾಗುತ್ತಿತ್ತು. ಆ ಹೊತ್ತಿಗೆ ಬರುವ ಗಿರಾಕಿಗಳು ಕಟ್ಟೆಯ ಮೇಲೆ ಕೂತು ಕಾಯುವುದನ್ನು ಕಲಿತರು. ಮದುವೆಗಳಲ್ಲಿ ಟ್ರಂಕಿನ ಜಾಗಕ್ಕೆ ಕಪಾಟು ಬಂದಿದ್ದರಿಂದ ಗಿರಾಕಿಗಳೂ ಹೆಚ್ಚಿರಲಿಲ್ಲ.

ಮರುವರ್ಷ ಮಳೆಗಾಲದಲ್ಲಿ ಶಾಹೀನ ತವರಿಗೆ ಬಂದಳು. ಮತ್ತೆ ಬಸುರಿ. ಜೊತೆಗೆ ಮಗ ದಸ್ತಗೀರ, ಇನ್ನೂ ಶಾಲೆಗೆ ಹಚ್ಚದ ವಯಸ್ಸು. ಮಾಮಾನ ಕುರ್ಚಿಯ ಕಾಲಬುಡದಲ್ಲೇ ಅವನ ಠಿಕಾಣಿ. ಹುಳ ಸತ್ತಾಗಲೆಲ್ಲ ಚಪ್ಪಾಳೆ ತಟ್ಟುತ್ತಿದ್ದ.

ಅಂದು ಮಧ್ಯಾಹ್ನ ಆಟ ಚೆನ್ನಾಗಿ ಸಾಗಿತ್ತು. ಮೂರು ತಾರೆಯ ಎರಡು ಬೆಂಕಿ ಬುರುಜು ಸಿದ್ಧವಾಗಿದ್ದವು. “ಈಗ ಅಬ್ಬಾ. ಆ ಕಡೇದ ಎಳಕೊಂಡ ಬಾ” ಎಂದ ಮೊಸಿನ. ಶೌಕತ ಬುರುಜನ್ನು ಹಿಡಿದು ಎಳೆಯತೊಡಗಿದ. ಇನ್ನೂ ಹತ್ತಿರದಿಂದ ನೋಡಬೇಕೆಂದು ದಸ್ತಗೀರ ಏಳಲು ಹೊರಟ. ಎರಡೂ ಕೈ ನೆಲಕ್ಕೆ ಊರಿದ. ಹಿಂಭಾಗ ಮೇಲೆತ್ತಿದ. ಒಂದು ಕೈ ಮೊಣಕಾಲಿಗೆ ಬಂತು, ಇನ್ನೊಂದು ತೊಡೆಗೆ. ಹತ್ತಿದಂತೆ, ತನ್ನ ಮೈ ತಾನೇ ಹತ್ತಿ ಎದ್ದು ನಿಂತ.

ಶೌಕತನ ಬೆರಳು ಸಡಿಲಿತು. ಹುಳಗಳು ಸಾಲಾಗಿ ಬಾಗಿಲಿನತ್ತ ನಡೆದವು. ಮೊಸಿನ ದಸ್ತಗೀರನನ್ನೇ ನೋಡುತ್ತಿದ್ದ.

“ದಸ್ತೂ,” ಎಂದ, “ಮತ್ತೊಮ್ಮಿ ಕುಂತು ಎದ್ದು ತೋರಸು.”

ಮಗು ಅದನ್ನೂ ಆಟವೆಂದುಕೊಂಡು ನಗುತ್ತ ಕೂತು, ಹಾಗೆಯೇ ಎದ್ದು ತೋರಿಸಿತು. ಮೊಸಿನ ಕಣ್ಣು ಮುಚ್ಚಿಕೊಂಡ. ಮಗುವನ್ನು ಅಜ್ಜಿಯ ಹತ್ತಿರ ಕಳಿಸಿದ ಮೇಲೆ ಕೇಳಿದ: “ಅಬ್ಬಾ, ಮಿರಜ ಡಾಕ್ಟರ ಖರೇ ಏನ ಅಂದಿದ್ರು?”

ಶೌಕತ ಹೇಳಿದ. ಮೊದಲ ಸಲ ಕೂಗದೆ, ಪಿಸುಮಾತಿನಲ್ಲಿ ಹೇಳಿದ. ಮೊಸಿನ, “ಅಮ್ಮಾಗ ಹೇಳು. ನಾಳಿ ಅನ್ನಬ್ಯಾಡ” ಎಂದ.

ಅಮೀನಾಬಿ ಒಲೆಯ ಮುಂದಿದ್ದಳು. ಗಂಡ ಹೇಳಿದ್ದನ್ನೆಲ್ಲ ಕೇಳಿದಳು. ಅತ್ತೆಯ ಬಾಯಿಂದ ತನ್ನನ್ನು ಉಳಿಸಲು ಇಷ್ಟು ವರ್ಷ ಈ ಮನುಷ್ಯ ತನ್ನ ಮೇಲೆ ಹೊತ್ತುಕೊಂಡದ್ದು ಏನೆಂದು ಅವಳಿಗೆ ತಿಳಿಯಿತು. ಆದರೆ ಅವಳು ಅತ್ತದ್ದು ಅದಕ್ಕಲ್ಲ.

“ನನ್ನ ಮ್ಯಾಲ ಮಾತು ಬರಬಾರ್ದಂತ ಹುಡುಗಿನ್ನ ಕಣ್ಣ ಕಟ್ಟಿ ಕಳಿಸಿದ್ರಿ. ನನಗ ಒಬ್ಬಾಕಿಗರೆ ಹೇಳಬೇಕಿತ್ತಲ್ರಿ. ನಾ ಏನ ಸಾಯ್ತಿದ್ನ್ಯಾ? ಮಾತ ಕೇಳಿ ಯಾರೂ ಸಾಯಂಗಿಲ್ಲ.”

ಶೌಕತ ಮೊದಲು ತಾಯಿಗೆ ಅಂಜಿ ಸುಳ್ಳು ಹೇಳಿದ್ದ. ತಾಯಿ ಸತ್ತ ಮೇಲೆ ಹೆಂಡತಿಗೆ ಹೇಗೆ ಹೇಳುವುದೆಂದು ಅಂಜಿದ. ಮಗಳ ಮದುವೆ ಹೊತ್ತಿಗೆ, ಡಾಕ್ಟರು ಹೇಳಿದ್ದು ‘ಬರಬಹುದು’ ಎಂದಲ್ಲವೆ, ಬರುತ್ತದೆ ಎಂದೇನೂ ಅಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದ.

ಶಾಹೀನಳಿಗೆ ತಾಯಿಯೇ ಹೇಳಿದಳು. ಶಾಹೀನ ಕೂಗಾಡಲಿಲ್ಲ. ಅಂಗಡಿಗೆ ಬಂದು ತಗಡಿನ ರಾಶಿಯ ಆಚೆ ನಿಂತು ತಂದೆಯನ್ನು ಒಂದೇ ಮಾತು ಕೇಳಿದಳು: “ಹೊಟ್ಟ್ಯಾಗ ಇರೂದು?” ಶೌಕತ ಸುತ್ತಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ತೆಗೆದುಕೊಂಡ. ಅವಳು ಅಂದೇ ಸಂಜೆಯ ಬಸ್ಸಿಗೆ ಮಗನನ್ನು ಎತ್ತಿಕೊಂಡು ಬೆಳುಂಕಿಗೆ ಹೋದಳು.

ಒಂದು ವಾರದೊಳಗೆ ಲಾಲಸಾಬ ಬಂದ. ಅಳಿಯನಿಗೆ ಶೌಕತ ಚಹಾ ತರಿಸಿದ, ಅವನು ಮುಟ್ಟಲಿಲ್ಲ. “ಮಾವಾ, ನೀವ ಅವತ್ತ ಖರೇ ಹೇಳಿದ್ರ ನಮ್ಮಪ್ಪ ಈ ಸಂಬಂಧ ಮಾಡ್ತಿದ್ದಿಲ್ಲ. ಈಗ ಬಿಟ್ಟುಬಿಡು ಅಂತಾನ. ನಾ ಬಿಡಂಗಿಲ್ಲ, ಆಕಿದೇನ ತಪ್ಪು? ಆದ್ರ ನೀವು ನಮ್ಮ ಮನಿಗಿ ಬರಬ್ಯಾಡ್ರಿ” ಎಂದು ಹೇಳಿ ಹೋದ. ಮಗನನ್ನು ಮಿರಜಿಗೆ ಅವರೇ ಒಯ್ದು ತೋರಿಸಿದರು. ಅದೇ ರೋಗ. ದೀಪಾವಳಿಯ ಮುಂದೆ ಶಾಹೀನಳಿಗೆ ಹೆಣ್ಣು ಹುಟ್ಟಿತು. ಜಾಸ್ಮಿನ ಎಂದು ಹೆಸರಿಟ್ಟರಂತೆ. ಹೆಣ್ಣಾಗಿದ್ದಕ್ಕೆ ಎಲ್ಲರೂ ಉಸಿರು ಬಿಟ್ಟರು. ಆ ಹೆಣ್ಣಿಗೂ ಒಂದು ದಿನ ಯಾರಾದರೂ ಎಲ್ಲವನ್ನೂ ಹೇಳಬೇಕಾಗುತ್ತದೆ ಎಂಬುದು ಅಮೀನಾಬಿಗೆ ಆಗಲೇ ತಿಳಿದಿತ್ತು.

ಮೊಸಿನ ತಂದೆಯ ಜೊತೆ ಆಟ ಬಿಡಲಿಲ್ಲ. ಶೌಕತ ಅದನ್ನು ನಿರೀಕ್ಷಿಸಿರಲಿಲ್ಲ. ಮಗನೂ ಮಾತು ಬಿಡುತ್ತಾನೆಂದು ಎದೆಗಟ್ಟಿ ಮಾಡಿಕೊಂಡಿದ್ದ. ಆದರೆ ಚಳಿ ಬಿದ್ದ ಮೇಲೆ ಮೊಸಿನನ ದನಿ ಕುಗ್ಗಿತು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಉಸಿರಿಗಾಗಿ ನಿಲ್ಲಬೇಕಾಗುತ್ತಿತ್ತು. ಅಷ್ಟರಲ್ಲಿ ಹುಳ ದಾಟಿರುತ್ತಿತ್ತು. ಆಗ ಶೌಕತನೇ ಹೇಳತೊಡಗಿದ: “ಇಲ್ಲಿ ಎರಡ ಅದಾವ ನೋಡು, ಕೂಡಸ್ಲ್ಯಾ?” ಮೊಸಿನ ಕಣ್ಣು ಮುಚ್ಚಿ ತೆರೆದರೆ ಹೂಂ ಎಂದರ್ಥ. ತೆರೆದೇ ಇದ್ದರೆ ತಡಿ ಎಂದು. ಬಹಳ ಸಲ ಅವನು ತೆರೆದೇ ಇರುತ್ತಿದ್ದ. ಒಂದು ಕಾಲಕ್ಕೆ ಎಲ್ಲವನ್ನೂ ಕೂಡಿಸು ಕೂಡಿಸು ಎನ್ನುತ್ತಿದ್ದವನು ಈಗ ಸಣ್ಣ ಬುರುಜುಗಳನ್ನು ಹಾಗೆಯೇ ಇರಗೊಡುತ್ತಿದ್ದ. ವರ್ಷ ಮುಗಿಯುವುದರೊಳಗೆ ಅವನೂ ಹೋದ. ಮಣ್ಣಿಗೆ ಶಾಹೀನ ಬಂದಳು. ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ತಂದೆ ಕೂತಿದ್ದ ಕಡೆ ಹೋಗಲಿಲ್ಲ.

ನಲವತ್ತನೆಯ ದಿನದ ಕಾರ್ಯ ಮುಗಿದ ಮೇಲೆ ಲಾಲಸಾಬ ಟೆಂಪೋ ತಂದ. ದಸ್ತಗೀರ ಆ ಆಟಕ್ಕಾಗಿ ಹಟ ಹಿಡಿದಿದ್ದಾನೆ, ಕಂಪ್ಯೂಟರ್ ಒಯ್ಯುತ್ತೇನೆ ಎಂದ. ಅಮೀನಾಬಿ ಹೂಂ ಎಂದಳು. ವೈರುಗಳನ್ನು ಎಲ್ಲೆಲ್ಲಿ ಚುಚ್ಚಬೇಕೆಂದು ಅವನಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತು ತಿಣುಕಿ, ಶೌಕತನ ಮುಖ ನೋಡದೆ, “ನೀವ ಬಂದ್ ಜೋಡಿಸಿ ಹೋಗ್ರಿ” ಎಂದ.

ಹೀಗೆ ಶೌಕತ ಬೆಳುಂಕಿಗೆ ಹೋದ. ಟೆಂಪೋದ ಹಿಂಭಾಗದಲ್ಲಿ ಕೂತು, ಪರದೆ ಒಡೆಯದಂತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೋದ. ಪಡಸಾಲೆಯಲ್ಲಿ ಎಲ್ಲ ಜೋಡಿಸಿದ. ಪರದೆಯ ಮೇಲೆ ದಾರಿ ಮೂಡಿತು. ದಸ್ತಗೀರ ತಾನೇ ಮೌಸು ಹಿಡಿದ. “ನಾನಾ, ಕೂಡಸೂದು ಹ್ಯಾಂಗ?” ಎಂದು ಅಜ್ಜನನ್ನು ಕೇಳಿದ. ಶೌಕತ ನಿಂತಲ್ಲಿಂದಲೇ ಬಾಗಿ, ಮಗುವಿನ ಬೆರಳ ಮೇಲೆ ತನ್ನ ಬೆರಳಿಟ್ಟು ತೋರಿಸಿದ.

ಶಾಹೀನ ಒಳಗಿನಿಂದ ಬಂದಳು, ಸೊಂಟದಲ್ಲಿ ಜಾಸ್ಮಿನ. ಒಂದು ಕೈಯಲ್ಲಿ ಕುರ್ಚಿ ಎಳೆದು ತಂದು ತಂದೆಯ ಹಿಂದೆ ಇಟ್ಟಳು. ಹುಟ್ಟಿದಾಗಿನಿಂದ ಅವನಿಗೆ “ಬಾ ಅಬ್ಬಾ, ಕುಂದರು” ಎಂದು ಏಕವಚನದಲ್ಲೇ ಮಾತಾಡಿದವಳು ಅವಳು.

“ಕುಂದ್ರಿ,” ಎಂದಳು, ಊರಿಗೆ ಬಂದ ಯಾರಿಗೋ ಹೇಳುವಂತೆ.

ಶೌಕತ ಕೂತ. ಕರೆಂಟು ಹೋಗುವವರೆಗೆ ಮೊಮ್ಮಗನಿಗೆ ಆಟ ಹೇಳಿಕೊಟ್ಟ. ಆಮೇಲೆ ಎದ್ದು ಚಪ್ಪಲಿ ಹಾಕಿಕೊಂಡು, ಜತ್ತದ ಬಸ್ಸು ನಿಲ್ಲುವ ಕಡೆ ನಡೆದ.